ಕೋನಪ್ಪ ಕೇಳದೆ ಬಿಟ್ಟ ಹೆಸರು

ಚಿಂತಾಮಣಿಯ ಕೋನಪ್ಪ ಆಂಬುಲೆನ್ಸ್ ಓಡಿಸುತ್ತಿದ್ದ ಎಂದರೆ ಈಗಿನವರು ಸೈರನ್ನು, ಕೆಂಪು ದೀಪ, ಫೋನು ಅಂತ ಏನೇನೋ ಊಹಿಸಿಕೊಳ್ಳುತ್ತಾರೆ. ಎಲ್ಲಿಯ ಸೈರನ್ನು ತಂದಿರಿ! ಅವನ ಗಾಡಿಗೆ ಹಾರನ್ನೇ ನೆಟ್ಟಗಿರಲಿಲ್ಲ. 1986ರಲ್ಲಿ ಚಿಂತಾಮಣಿಯ ಮಂಡಿಯವರೂ ಶಿಡ್ಲಘಟ್ಟದ ರೇಷ್ಮೆಗೂಡಿನ ವ್ಯಾಪಾರಿಗಳೂ ಸೇರಿ ಒಂದು ಹಳೆಯ ಮೆಟಡಾರ್ ವ್ಯಾನು ಕೊಂಡು, ಬಿಳಿ ಬಣ್ಣ ಹೊಡೆಸಿ, ಎರಡು ಪಕ್ಕಕ್ಕೂ ಕೆಂಪು ಪ್ಲಸ್ ಗುರುತು ಬರೆಸಿದ್ದರು. ಜನರ ಬಾಯಲ್ಲಿ ಅದು ಪ್ಲಸ್ ಗಾಡಿ. ಅದಕ್ಕೆ ಡ್ರೈವರ್ ಬೇಕು ಎಂದಾಗ ಎಲ್ಲರೂ ಹೇಳಿದ್ದು ಕೋನಪ್ಪನ ಹೆಸರನ್ನೇ. ಹತ್ತು ವರ್ಷ ರೇಷ್ಮೆಗೂಡಿನ ಟೆಂಪೊ ಓಡಿಸಿದ ಕೈ ಅದು. ಗೂಡು ಜಾಸ್ತಿ ಕುಲುಕಿದರೆ ಒಳಗಿನ ಹುಳ ಸತ್ತು ನೂಲು ಕಲೆಯಾಗುತ್ತದೆ. ಹಾಗೆ ಹೆದರಿ ಹೆದರಿ ಓಡಿಸಿ ಕಲಿತವನ ಗಾಡಿಯಲ್ಲಿ ಮಲಗಿದ ರೋಗಿಗೆ ಗುಂಡಿ ಬಂದದ್ದೂ ಗೊತ್ತಾಗುತ್ತಿರಲಿಲ್ಲ.

ಹಳ್ಳಿಗಳಿಂದ ಸುದ್ದಿ ತರುತ್ತಿದ್ದವರು ಪ್ರೈವೇಟ್ ಬಸ್ಸಿನ ಕಂಡಕ್ಟರುಗಳು. ಯಾರಿಗಾದರೂ ಜೀವಕ್ಕೆ ಬಂದರೆ ಊರವರು ರೋಗಿಯನ್ನು ಮಂಚದ ಸಮೇತ ಹೊತ್ತು ತಂದು ರಸ್ತೆಪಕ್ಕದ ಹುಣಸೆಮರದ ಕೆಳಗೆ ಇಟ್ಟು, ಕೊಂಬೆಗೆ ಬಿಳಿ ಪಂಚೆ ಕಟ್ಟುತ್ತಿದ್ದರು. ಅದನ್ನು ಕಂಡ ಕಂಡಕ್ಟರು ಬಸ್ ಸ್ಟ್ಯಾಂಡ್ ಮುಟ್ಟುವ ಮುಂಚೆಯೇ ಬಾಗಿಲಿಂದ ನೆಗೆದು ಕೂಗುತ್ತಿದ್ದ: "ಕೋನಪ್ಪಣ್ಣಾ, ಕೈವಾರ ಕ್ರಾಸ್ ಹತ್ರ ಪಂಚೆ ಕಟ್ಟವ್ರೆ, ಹೊರಡಣ್ಣ!" ಕೋನಪ್ಪ ತಿನ್ನುತ್ತಿದ್ದ ಮುದ್ದೆಯನ್ನು ಅಲ್ಲೇ ಬಿಟ್ಟು ಏಳುತ್ತಿದ್ದ. ಗಾಡಿ ಸ್ಟಾರ್ಟ್ ಆಗದಿದ್ದರೆ ಸ್ಟ್ಯಾಂಡಿನಲ್ಲಿದ್ದ ಹೂವಿನವರು, ಹಣ್ಣಿನವರು ಎಲ್ಲ ಸೇರಿ ತಳ್ಳುತ್ತಿದ್ದರು.

ಅದೇ ಗಾಡಿ ಬದುಕಿದ್ದವರನ್ನು ಬೆಂಗಳೂರಿಗೆ ಒಯ್ಯುತ್ತಿತ್ತು, ಸತ್ತವರನ್ನು ವಾಪಸ್ ತರುತ್ತಿತ್ತು. ಹಾಗಾಗಿ ಅದಕ್ಕೆ ಎರಡು ಕಟ್ಟಳೆ ಬೆಳೆದಿದ್ದವು. ಹೆಣ ಊರಿಗೆ ತರುವಾಗ ಸೇತುವೆ ಬಂದರೆ, ಕೆರೆಯ ಕೋಡಿ ಬಂದರೆ, ದಾರಿ ಕವಲೊಡೆದರೆ ಗಾಡಿ ನಿಲ್ಲಿಸಿ, ಒಂದು ಹಿಡಿ ಕಡ್ಲೆಪುರಿ ಎರಚಿ, ಸತ್ತವರನ್ನು ಹೆಸರು ಹಿಡಿದು ಕೂಗಬೇಕು: "ಸೇತುವೆ ದಾಟ್ತಾ ಇದೀವಿ, ಬಾ, ಊರಿಗೆ ಹೋಗಣ." ಕೂಗದಿದ್ದರೆ ಜೀವ ದಾರಿ ತಪ್ಪಿ ಅಲ್ಲೇ ಉಳಿದುಬಿಡುತ್ತದೆ ಅಂತ. ಮನೆಯವರಿಗೆ ಅಳುವಿನಲ್ಲಿ ಗಂಟಲು ಕಟ್ಟಿದರೆ ಕೋನಪ್ಪನೇ ಕೂಗುತ್ತಿದ್ದ. ಇನ್ನೊಂದು ಕಟ್ಟಳೆ ಇದರ ತಿರುವುಮುರುವು. ಬದುಕಿದ್ದವರನ್ನು ಒಯ್ಯುವಾಗ ಅವರ ಹೆಸರು ಎತ್ತಲೇಬಾರದು. ಎತ್ತಿದರೆ ಹೆಸರು ದಾರಿಗೆ ಬೀಳುತ್ತದೆ, ಆ ದಾರಿ ಅವರನ್ನು ಬಿಡುವುದಿಲ್ಲ. ಇದನ್ನು ಯಾರು ಕಟ್ಟಿದರೋ ಗೊತ್ತಿಲ್ಲ, ಕೋನಪ್ಪ ಮಾತ್ರ ಅಕ್ಷರಶಃ ಪಾಲಿಸುತ್ತಿದ್ದ. ಹೋಗುವಾಗ ಹೆಂಗಸರೆಲ್ಲ ಅವನಿಗೆ ಅಮ್ಮ, ಗಂಡಸರೆಲ್ಲ ಯಜಮಾನ್ರು. ಗಾಡಿಯಲ್ಲಿ ಜೊತೆಗೆ ಬರುತ್ತಿದ್ದ ನರ್ಸ್ ಶ್ಯಾಮಲಮ್ಮ ರೋಗಿಯ ಹೆಸರು ಬರೆದ ಚೀಟಿಯನ್ನು ಮಡಿಸಿ ಚೀಲಕ್ಕೆ ಹಾಕಿಕೊಂಡು, "ನಿಮ್ಮ ಗಾಡೀಲಿ ಕೂತ್ರೆ ನನ್ ಹೆಸರೂ ಮರೆತೋಗುತ್ತೆ ಕೋನಪ್ಪನೋರೆ" ಎಂದು ರೇಗಿಸುತ್ತಿದ್ದರು.

1991ರ ಬೇಸಿಗೆ. ಮಟಮಟ ಮಧ್ಯಾಹ್ನ. ಮುರುಗಮಲ್ಲದಿಂದ ಸುದ್ದಿ ಬಂತು. ದರ್ಗಾಕ್ಕೆ ಬಂದಿದ್ದ ಯಾರೋ ಹೆಂಗಸು ಮೂರು ದಿನದಿಂದ ಬೇವಿನಮರದ ಕೆಳಗೆ ಜ್ವರ ಬಂದು ಬಿದ್ದಿದ್ದಾಳೆ, ಜೊತೆಗೆ ದಿಕ್ಕಿಲ್ಲ. ಶ್ಯಾಮಲಮ್ಮ ಅಂದು ಚುಚ್ಚುಮದ್ದಿನ ಕ್ಯಾಂಪಿಗೆ ಹೋಗಿದ್ದರು. ಅಂಗಡಿಯವರು ಹೆಂಗಸನ್ನು ಎತ್ತಿ ಮಲಗಿಸಿದರೇ ಹೊರತು ಜೊತೆಗೆ ಒಬ್ಬರೂ ಹತ್ತಲಿಲ್ಲ. ನಲವತ್ತರ ವಯಸ್ಸು, ಒಣಗಿದ ತುಟಿ, ಹಸಿರು ಬಳೆ. ಕೋನಪ್ಪ ಬಾಗಿಲು ಹಾಕಲು ಹೋದಾಗ ಅವಳು ಅವನ ತೋಳು ಹಿಡಿದು ತೆಲುಗಿನಲ್ಲಿ "ನಾ ಪೇರು..." ಎಂದಳು.

"ಒದ್ದಮ್ಮಾ, ಪೇರು ಚೆಪ್ಪೊದ್ದು," ಎಂದು ಕೋನಪ್ಪ ತಡೆದ. ಹೆಸರು ಹೇಳಬೇಡಮ್ಮ ಅಂತ. "ವಾಪಸ್ ಬರೋವಾಗ ಕೇಳ್ತೀನಿ, ಈಗ ಸುಮ್ಕಿರು."

ಕೈವಾರ ಕ್ರಾಸ್ ದಾಟುವವರೆಗೂ ಅವಳು ಮತ್ತೆ ಮತ್ತೆ ಹೇಳಲು ಹೋದಳು. ಕೋನಪ್ಪ ಪ್ರತಿ ಸಲವೂ "ಸುಮ್ಕಿರಮ್ಮ" ಎಂದು ಅವಳ ಮಾತು ಮುಳುಗುವ ಹಾಗೆ ಆಕ್ಸಿಲರೇಟರ್ ಒತ್ತಿದ. ಅವಳ ಒಳ್ಳೆಯದಕ್ಕೇ ತಡೆಯುತ್ತಿದ್ದೇನೆ ಎಂದು ಅವನಿಗೆ ಧೈರ್ಯವಿತ್ತು. ಎಚ್ ಕ್ರಾಸಿಗೆ ಮುಂಚೆ ಹುಣಸೇಕೆರೆ ಕೋಡಿ ಸಿಗುತ್ತದೆ. ಕೆರೆ ತುಂಬಿದಾಗ ನೀರು ರಸ್ತೆಯ ಅಡಿಯಲ್ಲಿ ಹರಿದು ಹೋಗುವ ಜಾಗ. ಅಲ್ಲಿ ಹಿಂದುಗಡೆ ಅವಳ ಗೊಣಗು ನಿಂತಿತು. ಗಾಡಿ ನಿಲ್ಲಿಸಿ ಹೋಗಿ ನೋಡಿದರೆ ಅವಳ ಕಣ್ಣು ಅವನು ಕೂತಿದ್ದ ಸೀಟಿನ ಕಡೆಗೇ ನೆಟ್ಟಿತ್ತು. ಬಾಯಿ ಅರ್ಧ ತೆರೆದಿತ್ತು.

ಠಾಣೆ, ಮಹಜರು ಎಲ್ಲ ಮುಗಿಸಿ ಮಾರನೆಯ ದಿನ ಮುರುಗಮಲ್ಲಕ್ಕೇ ಹೆಣ ತಂದ. ಕೋಡಿಯಲ್ಲಿ ನಿಲ್ಲಿಸಿ, ಪುರಿ ಹಿಡಿದು, ಕೂಗಲು ಬಾಯಿ ತೆರೆದ. ಏನಂತ ಕೂಗುವುದು? ಕೈಯಲ್ಲಿದ್ದ ಪುರಿ ಬೆವರಿಗೆ ಅಂಟಿಕೊಂಡಿತು. "ಅಮ್ಮಾ, ಬಾ" ಎಂದ. ಆ ರಸ್ತೆಯಲ್ಲಿ ಅವನು ಅಮ್ಮ ಎಂದು ಕರೆದವರು ಎಷ್ಟು ಜನ! ಅದು ಯಾರಿಗೆ ಮುಟ್ಟಬೇಕು? ಮುರುಗಮಲ್ಲದ ಜನ ಚಂದಾ ಎತ್ತಿ ಮಣ್ಣು ಮಾಡಿದರು. ಕೋನಪ್ಪ ಆ ರಾತ್ರಿ ಊಟ ಮಾಡಲಿಲ್ಲ.

ಆಮೇಲೆ ಶುರುವಾಯಿತು ನೋಡಿ. ಹುಣಸೇಕೆರೆ ಕೋಡಿ ಬಂದರೆ ಸಾಕು, ಹಿಂದಿನ ಬಾಗಿಲಿನ ಚಿಲಕ ಟಕ್ಕೆಂದು ಬಿಚ್ಚಿಕೊಳ್ಳುತ್ತಿತ್ತು. ಬೇರೆಲ್ಲೂ ಇಲ್ಲ, ಅಲ್ಲಿ ಮಾತ್ರ. ಮೆಕ್ಯಾನಿಕ್ ಎರಡು ಸಲ ಚಿಲಕ ಬದಲಿಸಿದ. ಕೋನಪ್ಪ ತೆಂಗಿನ ಹಗ್ಗದಿಂದ ಕಟ್ಟಿದ. ಕೋಡಿಯಲ್ಲಿ ಹಗ್ಗ ಬಿದ್ದಿರುತ್ತಿತ್ತು. ಹರಿದಿರುತ್ತಿರಲಿಲ್ಲ, ಗಂಟು ಬಿಚ್ಚಿರುತ್ತಿತ್ತು.

ಅದಕ್ಕಿಂತ ಹೆಚ್ಚು ಹೆದರಿಸಿದ್ದು ಜನ. ರೋಗಿಯ ಎದುರಿನ ಬೆಂಚಿನಲ್ಲಿ ಮನೆಯವರು ಆರು ಜನ ಒತ್ತರಿಸಿ ಕೂತರೂ ಮೂಲೆಯಲ್ಲಿ ಒಬ್ಬರ ಜಾಗ ಬಿಟ್ಟೇ ಕೂರುತ್ತಿದ್ದರು. ಯಾರೂ ಹೇಳಿರಲಿಲ್ಲ. "ಒಸಿ ಸರಕೊಳ್ಳಿ, ಜಾಗ ಐತಲ್ಲ" ಎಂದರೆ ಆ ಮೂಲೆ ನೋಡಿ ಮುಜುಗರಪಡುತ್ತಿದ್ದರೇ ಹೊರತು ಸರಿಯುತ್ತಿರಲಿಲ್ಲ. ಒಂದು ಸಲ ಉಬ್ಬಸದ ನಲ್ಲಪ್ಪ ಎಂಬ ಮುದುಕನನ್ನು ಒಯ್ಯುವಾಗ ಆತ ಏದುಸಿರಿನಲ್ಲೇ ಹೇಳಿದ: "ಮೊದ್ಲು ಆಯಮ್ಮಂಗೆ ನೀರು ಕೊಡ್ರಪ್ಪ. ಆಗ್ಲಿಂದ ಏನೋ ಹೇಳಕ್ಕೆ ಬಾಯಿ ತೆರೀತಾಳೆ, ಮುಚ್ಕೊಂತಾಳೆ."

ಶ್ಯಾಮಲಮ್ಮ ಏದುಸಿರಿನ ಗುಂಗು ಎಂದು ನಕ್ಕರು. ಮೂಲೆಯಲ್ಲಿ ಯಾರೆಂದು ಕೋನಪ್ಪನಿಗೆ ಗೊತ್ತಾಯಿತು. ಆದರೂ ಯಾರಿಗೂ ಬಾಯಿ ಬಿಡಲಿಲ್ಲ. ಪ್ಲಸ್ ಗಾಡಿಯಲ್ಲಿ ಏನೋ ಇದೆ ಎಂದು ಗೊತ್ತಾದರೆ ಜನ ಹತ್ತುವುದಿಲ್ಲ. ಹತ್ತದಿದ್ದರೆ ಮರದ ಕೆಳಗೇ ಸಾಯುತ್ತಾರೆ. ಎರಡು ವರ್ಷ ಅವನು ಆ ಮೂಲೆಯ ಕಡೆ ಕಣ್ಣೆತ್ತದೆ ಗಾಡಿ ಓಡಿಸಿದ.

1993ರಲ್ಲಿ ಬಿಳಿ ಪಂಚೆ ಕಟ್ಟಿದ್ದು ಕೋನಪ್ಪನ ಬೀಗರ ಊರಿನಲ್ಲಿ. ಒಬ್ಬಳೇ ಮಗಳು ಅಶ್ವತ್ಥಮ್ಮ. ಮನೆಯಲ್ಲೇ ಹೆರಿಗೆಯಾಗಿ, ಗಂಡುಮಗು ಚೆನ್ನಾಗಿಯೇ ಇತ್ತು, ತಾಯಿಗೆ ರಕ್ತ ನಿಲ್ಲುತ್ತಿರಲಿಲ್ಲ. ಮಗುವನ್ನು ಅತ್ತೆಯ ಹತ್ತಿರ ಬಿಟ್ಟು ಶ್ಯಾಮಲಮ್ಮನೂ ಅಳಿಯನೂ ಹಿಂದೆ ಕೂತರು. ಸುಡುಬಿಸಿಲು, ರಸ್ತೆಯಲ್ಲಿ ನರಪಿಳ್ಳೆಯಿಲ್ಲ, ಎರಡು ಪಕ್ಕದ ಹಿಪ್ಪುನೇರಳೆ ತೋಟದಲ್ಲಿ ಒಂದು ಎಲೆಯೂ ಅಲುಗುತ್ತಿಲ್ಲ. ಕೋನಪ್ಪ ಮೊದಲ ಸಲ ಗುಂಡಿ ನೋಡದೆ ಗಾಡಿ ಬಿಟ್ಟ.

ಕೈವಾರ ಕ್ರಾಸ್ ದಾಟಿದ ಮೇಲೆ ಶ್ಯಾಮಲಮ್ಮ ಹಿಂದಿನಿಂದ ತಗಡು ಬಡಿದರು. "ಕಣ್ಣು ಮುಚ್ತಾ ಇದಾಳೆ ಕೋನಪ್ಪನೋರೆ! ನಿದ್ದೆಗೆ ಬಿಡಬಾರ್ದು. ಹೆಸರು ಹಿಡಿದು ಜೋರಾಗಿ ಕರೀರಿ, ನಿಮ್ಮ ದನಿಗೆ ಎದ್ದೇಳ್ತಾಳೆ."

ಕೋನಪ್ಪ ಆಕ್ಸಿಲರೇಟರ್ ಒತ್ತಿದ.

"ಕೇಳಿಸ್ತಾ? ನಾವು ಅಲುಗಿಸಿದ್ರೂ ಏಳ್ತಾ ಇಲ್ಲ. ಹೆಸರು ಕರೀರಿ ಅಂದ್ರೆ!"

"ದಾರೀಲಿ ಕರೀಬಾರ್ದಮ್ಮ," ಎಂದ ಕೋನಪ್ಪ. ಏಳು ವರ್ಷ ಆ ರಸ್ತೆಯಲ್ಲಿ ಅವನು ಹೆಸರು ಕೂಗಿದ್ದೆಲ್ಲ ಸತ್ತವರನ್ನು ಮಾತ್ರ. ಮಗಳ ಹೆಸರು ಅದೇ ಬಾಯಿಂದ ಅದೇ ದಾರಿಗೆ ಹೇಗೆ ಹಾಕುವುದು?

ಹುಣಸೇಕೆರೆ ಕೋಡಿ ಬಂತು. ಚಿಲಕ ಟಕ್ಕೆಂದಿತು. ಜೊತೆಗೆ ಇಂಜಿನ್ನೂ ನಿಂತಿತು. ಎಷ್ಟು ಕೀಲಿ ತಿರುಗಿಸಿದರೂ ಉಸಿರಿಲ್ಲ. ಕೋನಪ್ಪ ಇಳಿದು ಹಿಂದಕ್ಕೆ ಓಡಿದ. ಬಾಗಿಲು ಪೂರಾ ತೆರೆದಿತ್ತು. ಅಳಿಯ ಮೂಲೆಯ ಜಾಗ ಬಿಟ್ಟು ಬೆಂಚಿನ ತುದಿಗೆ ಜೋತುಬಿದ್ದಂತೆ ಕೂತಿದ್ದ. ಅಶ್ವತ್ಥಮ್ಮನ ಬಲಗೈ ಹಾಸಿಗೆಯಿಂದಾಚೆ ಚಾಚಿಕೊಂಡು, ಯಾರೋ ಹಿಡಿದ ಹಾಗೆ, ಗಾಳಿಯಲ್ಲಿ ನಿಂತಿತ್ತು. ಶ್ಯಾಮಲಮ್ಮ ಅದನ್ನು ಕೆಳಗಿಳಿಸಲು ನೋಡಿದರೆ ಇಳಿಯುತ್ತಿರಲಿಲ್ಲ.

"ಅಪ್ಪ," ಎಂದಳು ಅಶ್ವತ್ಥಮ್ಮ, ಕಣ್ಣು ಮುಚ್ಚಿಕೊಂಡೇ. "ಆಯಮ್ಮ ಕೈ ಬಿಡ್ತಿಲ್ಲ."

"ಯಾವಮ್ಮ ಕಂದಾ?"

"ಇಲ್ಲೇ ಕೂತವ್ಳಲ್ಲ. ನನ್ನ ಯಾರೂ ಕರೀಲಿಲ್ಲ, ನಿನ್ನೂ ಯಾರೂ ಕರೀತಿಲ್ಲ, ಇಬ್ರೂ ಇಲ್ಲೇ ಇದ್ದುಬಿಡಣ ಅಂತವ್ಳೆ."

ಕೋನಪ್ಪನಿಗೆ ಭಯಕ್ಕಿಂತ ನಾಚಿಕೆ ದೊಡ್ಡದಾಗಿತ್ತು. ಸಾಯುವ ಹೆಂಗಸು ಕೇಳಿದ್ದು ಇಷ್ಟೇ, ತನ್ನ ಹೆಸರು ಒಬ್ಬರ ಕಿವಿಗೆ ಬೀಳಲಿ ಅಂತ. ಅದನ್ನೂ ಅವಳ ಬಾಯಿ ಮುಚ್ಚಿಸಿ ಕಿತ್ತುಕೊಂಡಿದ್ದ ಅವನು.

ಮಂಡಿಯೂರಿ ಮಗಳ ಕಿವಿಯ ಹತ್ತಿರ ಬಾಯಿಟ್ಟು, ಕೆರೆಯ ಏರಿ ಮಾರ್ದನಿಗೊಡುವ ಹಾಗೆ ಕೂಗಿದ: "ಅಶ್ವತ್ಥಮ್ಮಾ! ಬಾರಮ್ಮಾ ನನ್ ತಾಯಿ, ಅಶ್ವತ್ಥಮ್ಮಾ!" ಆಮೇಲೆ ಖಾಲಿ ಮೂಲೆಯ ಕಡೆ ತಿರುಗಿದ. ಎರಡು ವರ್ಷದಲ್ಲಿ ಮೊದಲ ಸಲ ಅಲ್ಲಿಗೆ ಕಣ್ಣಿಟ್ಟ. "ತಪ್ಪಾಯ್ತಮ್ಮ. ನೀ ಪೇರು ಏಮಿಟಮ್ಮಾ? ಹೇಳು, ಈಗ ಕೇಳ್ತಾ ಇದೀನಿ."

ಹಿಪ್ಪುನೇರಳೆ ಎಲೆಗಳು ಹಾಗೇ ನಿಂತಿದ್ದವು. ಮಗಳ ಒಣಗಿದ ತುಟಿ ಅಲುಗಿತು. ಬಂದ ದನಿ ಅವಳದಾಗಿರಲಿಲ್ಲ.

"ಗಂಗುಲಮ್ಮ."

"ಗಂಗುಲಮ್ಮಾ," ಎಂದ ಕೋನಪ್ಪ ಕೈಮುಗಿದು. "ನನ್ ಮಗಳ ಕೈ ಬಿಡು ತಾಯಿ. ಇವಳನ್ನ ಆಸ್ಪತ್ರೆಗೆ ಹಾಕಿ ಬಂದು, ದಾರಿಯುದ್ದ ನಿನ್ ಹೆಸರು ಕೂಗಿ ಕರ್ಕೊಂಡು ಹೋಗ್ತೀನಿ. ಆ ಹಸುಗೂಸಿನಾಣೆಗೂ."

ಮಗಳ ಕೈ ಮೆಲ್ಲಗೆ ಹಾಸಿಗೆಗೆ ಇಳಿಯಿತು. ಕೀಲಿ ತಿರುಗಿಸಿದ ಕೂಡಲೇ ಇಂಜಿನ್ ಹೊತ್ತಿಕೊಂಡಿತು. ಬೆಂಗಳೂರು ಮುಟ್ಟುವವರೆಗೆ ಕೋನಪ್ಪ ಮಗಳ ಹೆಸರು ಕೂಗುವುದನ್ನು ನಿಲ್ಲಿಸಲಿಲ್ಲ. ಹೊಸಕೋಟೆ ಪೇಟೆಯಲ್ಲಿ ಜನ ನಿಂತು ನೋಡಿದರು. ನೋಡಿಕೊಳ್ಳಲಿ ಬಿಡಿ! ಅವಳು ಪ್ರತಿ ಸಲ "ಊಂ" ಎನ್ನುತ್ತಿದ್ದಳು.

ಆಸ್ಪತ್ರೆಯಲ್ಲಿ ರಕ್ತ ಕೊಟ್ಟರು. ಮಾರನೆಯ ಬೆಳಿಗ್ಗೆ ಅಶ್ವತ್ಥಮ್ಮ ಗಂಜಿ ಕುಡಿದು, ಮಗು ಎಲ್ಲಿ ಎಂದು ಕೇಳಿದ ಮೇಲೆಯೇ ಕೋನಪ್ಪ ಹೊರಟ. ಹೊಸಕೋಟೆಯಲ್ಲಿ ಒಂದು ಸೇರು ಪುರಿ ಕೊಂಡ. ಖಾಲಿ ಗಾಡಿ. ಶ್ಯಾಮಲಮ್ಮ ಪುರಿಯ ಚೀಲ ತೊಡೆಯ ಮೇಲಿಟ್ಟುಕೊಂಡು ಮುಂದೆ ಕೂತಿದ್ದರು. ಸೇತುವೆ ಬಂದಾಗಲೆಲ್ಲ ಅವನು ನಿಲ್ಲಿಸಿ, ಪುರಿ ಎರಚಿ, "ಗಂಗುಲಮ್ಮಾ, ಬಾ, ಹೋಗಣ" ಎಂದು ಕೂಗಿದ. ಹುಣಸೇಕೆರೆ ಕೋಡಿಯಲ್ಲಿ ಅವನ ದನಿ ಬಿದ್ದುಹೋಯಿತು. ಆಗ, ಇದೆಲ್ಲ ಗುಂಗು ಎಂದಿದ್ದ ಶ್ಯಾಮಲಮ್ಮನೇ ಇಳಿದು ಪುರಿ ಎರಚಿ ಕೂಗಿದರು. ಚಿಲಕ ಬಿಚ್ಚಲಿಲ್ಲ.

ಮುರುಗಮಲ್ಲದ ಸ್ಮಶಾನದ ಮುಂದೆ ಗಾಡಿ ನಿಂತಿತು. "ಊರು ಬಂತು ಗಂಗುಲಮ್ಮಾ," ಎಂದ ಕೋನಪ್ಪ, ಇನ್ನೂ ಸೀಟಿನಿಂದ ಇಳಿಯದೆ. ಹಿಂದೆ ಟಕ್ಕೆಂದಿತು. ಬಾಗಿಲು ತೆರೆದುಕೊಂಡ ಸದ್ದು. ಯಾರೋ ಇಳಿದಾಗ ಮೇಲೇಳುವ ಹಾಗೆ ಗಾಡಿಯ ಹಿಂಭಾಗ ಒಂದು ಗೇಣು ಮೇಲೆದ್ದಿತು. ಇಬ್ಬರೂ ತಿರುಗಿ ನೋಡಲಿಲ್ಲ.

ಅಂದಿನಿಂದ ಮರದ ಕೆಳಗಿನ ಮಂಚಕ್ಕೆ ಕೈ ಹಾಕುವ ಮುಂಚೆ ಕೋನಪ್ಪ ಕೇಳುತ್ತಿದ್ದ ಮೊದಲ ಮಾತು ಹೆಸರು. ದಾರಿಯಲ್ಲೂ ಹೆಸರು ಹಿಡಿದೇ ಮಾತಾಡಿಸುತ್ತಿದ್ದ. ಅಪಶಕುನ ಅಂತ ಕೆಲವರು ಜಗಳಕ್ಕೇ ನಿಂತರು. "ಬೇಕಾದ್ರೆ ಬೈರಿ, ಹೆಸರು ಹೇಳಿ ಬೈರಿ," ಎನ್ನುತ್ತಿದ್ದ. ಬೆಂಚಿನ ಮೂಲೆಯಲ್ಲಿ ಜನ ಆರಾಮಾಗಿ ಕೂರತೊಡಗಿದರು.

1995ರ ಒಂದು ದಿನ ಮದನಪಲ್ಲಿ ಕಡೆಯ ಮುದುಕ, ಎರ್ರಪ್ಪ ಅಂತ, ದರ್ಗಾದ ಸುತ್ತ ಎಲ್ಲರಿಗೂ ಒಂದು ಫೋಟೊ ತೋರಿಸುತ್ತಾ ಅಲೆದ. ಅಂಗಡಿಯವರು ಅವನನ್ನು ಚಿಂತಾಮಣಿಗೆ, ಕೋನಪ್ಪನ ಹತ್ತಿರ ಕಳಿಸಿದರು. ಕೋನಪ್ಪ ಗಾಡಿ ತೊಳೆಯುತ್ತಿದ್ದ. ಮುದುಕ ಕರ್ಚೀಫಿನ ಗಂಟು ಬಿಚ್ಚಿ ಫೋಟೊ ಮುಂದೆ ಹಿಡಿದ. ಹಸಿರು ಬಳೆ.

"ಗಂಗುಲಮ್ಮನ ಕಡೆಯವರಾ?" ಎಂದ ಕೋನಪ್ಪ.

ಮುದುಕ ಗಾಡಿಯ ಮೆಟ್ಟಿಲ ಮೇಲೆ ಕೂತ. ನಾಲ್ಕು ವರ್ಷದಿಂದ ತಂಗಿಯ ಹೆಸರು ಯಾರ ಬಾಯಲ್ಲೂ ಕೇಳಿರಲಿಲ್ಲ ಅವನು. "ಪೇರು ಎವರು ಚೆಪ್ಪಿನಾರು?" ಎಂದ. "ಹೆಸರು ಯಾರಪ್ಪ ಹೇಳಿದ್ದು ನಿಂಗೆ?"

ಕೋನಪ್ಪ ಒದ್ದೆ ಬಟ್ಟೆಯನ್ನು ಬಕೆಟ್ಟಿಗೆ ಹಾಕಿ ಅವನ ಪಕ್ಕ ಕೂತ.

"ಆಯಮ್ಮನೇ ಹೇಳಿದ್ಲಣ್ಣ. ಜೀವ ಇದ್ದಾಗ್ಲೇ ಹೇಳಕ್ಕೆ ಬಂದ್ಲು, ನಾನೇ ಬೇಡ ಅಂದೆ. ಕೇಳೋ ಅಷ್ಟ್ರಲ್ಲಿ ಎರಡು ವರ್ಷ ಆಗೋಗಿತ್ತು."