ಗುಂಡಿ ಹಚ್ಚುವ ಹೊತ್ತು

ಸುರಪುರದ ನಮ್ಮ ಓಣಿಯ ಟೇಲರ್ ಕುಡಿಯುವುದನ್ನು ಬಿಟ್ಟ ಮೇಲೆ ನಮ್ಮ ಅಂಗಿಗಳಿಗೆ ನೆಮ್ಮದಿ ಇಲ್ಲವಾಯಿತು. ಹೊತ್ತು ಮುಳುಗಿ ಕುಡಿಯುವ ಆಸೆ ಕೆರಳಿತೆಂದರೆ ಸಾಕು, ಸೂಜಿ ದಾರ ಹಿಡಿದು ಬಾಗಿಲಿಗೆ ಬರುತ್ತಿದ್ದ.

"ಗುಂಡಿ ಕಿತ್ತಾವೇನ್ರಿ, ಸರ?"

ಅವನು ಹಚ್ಚಿದ ಗುಂಡಿ ಎತ್ತು ಹೂಡಿ ಎಳೆದರೂ ಬರುತ್ತಿರಲಿಲ್ಲ.

ಒಂದು ಸಂಜೆ, "ಒಂದೂ ಕಿತ್ತಿಲ್ಲೋ ಯಪ್ಪಾ" ಎಂದೆ. ಅವನು ಕದಲಲಿಲ್ಲ. ಕಣ್ಣು ವೈನ್‌ಶಾಪಿನ ದಾರಿಯ ಮೇಲಿತ್ತು.

"ತಡಿ, ನೋಡ್ತೀನಿ" ಎಂದು ಒಳಗೆ ಹೋಗಿ, ಹೊಸ ಅಂಗಿಯ ಗುಂಡಿಯೊಂದನ್ನು ಹಲ್ಲಿನಿಂದ ಕಚ್ಚಿ ಕಿತ್ತು, ಅಂಗಿ ಸಮೇತ ತಂದೆ.

ಗುಂಡಿಗೆ ಹತ್ತಿದ್ದ ಎಂಜಲನ್ನು ಅವನು ಪ್ಯಾಂಟಿಗೆ ಒರೆಸಿದ. ಕಟ್ಟೆಯ ಮೇಲೆ ಕೂತ. ಮೂರನೇ ಸಲಕ್ಕೆ ದಾರ ಸೂಜಿಯೊಳಗೆ ಹೋಯಿತು.

"ನಾಳಿಗಿ ಎರಡು ಕಿತ್ತಿಡ್ರಿ, ಸರ" ಎಂದ.