ಅಟ್ಟೆ ಬಿಚ್ಚಿದರೆ ಎಷ್ಟು?

ಕಾಪುವಿನ ಒಳಗಡೆ, ಮಲ್ಲಿಗೆ ಗಿಡಗಳ ನಡುವಿನ ಒಂದು ಮನೆಯ ಜಗಲಿ. ಅಲ್ಲಿ ಇದ್ದದ್ದು ನಾವು ಮೂವರೇ: ಬಾಳೆನಾರಿನಲ್ಲಿ ಮೊಗ್ಗು ಕಟ್ಟುತ್ತಿದ್ದ ಅಜ್ಜಿ, ನಾಲ್ಕನೆಯ ಕ್ಲಾಸಿನ ಅವರ ಮೊಮ್ಮಗಳು, ನಿವೃತ್ತಳಾದರೂ ಊರಿಗೆಲ್ಲ ಇನ್ನೂ ಟೀಚರ್ ಆಗಿಯೇ ಉಳಿದ ನಾನು. ಮಣಿಪಾಲಕ್ಕೆ ಕೆಲಸಕ್ಕೆ ಹೋಗುವ ಹುಡುಗಿಯ ತಾಯಿ ಬೆಳಿಗ್ಗೆ ಬಸ್ಸಿಗೆ ಓಡುವ ಅವಸರದಲ್ಲೇ ನನ್ನನ್ನು ಹಿಡಿದು ನಿಲ್ಲಿಸಿದ್ದಳು. "ಟೀಚರ್, ಇವಳು ಇನ್ನು ಶಾಲೆಗೇ ಹೋಗುವುದಿಲ್ಲವಂತೆ. ಬೋರ್ಡಿನಲ್ಲಿ ಭಾಗಾಕಾರ ತಪ್ಪಿತಂತೆ, ಮಕ್ಕಳೆಲ್ಲ ನಗಾಡಿದರಂತೆ. ನೀವು ಒಮ್ಮೆ ನೋಡಿ."

ಐವತ್ತೆರಡನ್ನು ನಾಲ್ಕು ಜನರಿಗೆ ಹಂಚು ಎಂದೆ. ಹುಡುಗಿ ಮುಖ ಊದಿಸಿಕೊಂಡೇ ಸ್ಲೇಟು ಹಿಡಿದಳು. ಐದು ಹತ್ತುಗಳಲ್ಲಿ ಒಬ್ಬೊಬ್ಬರಿಗೆ ಒಂದೊಂದು ಕೊಟ್ಟಳು; ಒಂದು ಹತ್ತು ಉಳಿಯಿತು. ಅಲ್ಲಿಯವರೆಗೆ ಸರಿ. ಆ ಹತ್ತನ್ನು ಬಿಡಿ ಮಾಡಿ, ಮೊದಲೇ ಇದ್ದ ಎರಡಕ್ಕೆ ಕೂಡಿಸಿದಾಗ ಅವಳಿಗೆ ಸಿಕ್ಕಿದ್ದು ಆರು! ಒಬ್ಬೊಬ್ಬರಿಗೆ ಹನ್ನೊಂದು, ಶೇಷ ಎರಡು ಎಂದು ಬರೆದು ಸ್ಲೇಟನ್ನು ನನ್ನ ಕಡೆ ತಳ್ಳಿದಳು.

"ಹತ್ತನ್ನು ಬಿಚ್ಚಿದಾಗ ಎಷ್ಟು ಬಂತು ಮಗಾ?"

"ನಾಲ್ಕು."

"ನಾಲ್ಕು ಎಂತಕ್ಕೆ?"

ಇಷ್ಟೂ ಗೊತ್ತಿಲ್ಲವೇ ಎಂಬಂತೆ ನನ್ನನ್ನು ನೋಡಿದಳು. "ಅಟ್ಟೆ ಬಿಚ್ಚಿದರೆ ನಾಲ್ಕು ಚೆಂಡು ಅಲ್ವಾ ಟೀಚರ್?"

ಮಲ್ಲಿಗೆ ಬೆಳೆಯುವ ಊರಿನ ಲೆಕ್ಕ ಅದು. ಎಂಟುನೂರರಷ್ಟು ಮೊಗ್ಗು ಕಟ್ಟಿ ಸುತ್ತಿದರೆ ಒಂದು ಚೆಂಡು, ಅಂಥ ನಾಲ್ಕು ಕೂಡಿದರೆ ಒಂದು ಅಟ್ಟೆ. ಶಾಲೆಯಲ್ಲಿ ಬಿಡಿಯ ಮನೆ, ಹತ್ತರ ಮನೆ ಎಂದು ಬರೆಸಿದಾಗ ಬಿಡಿ ಎಂದರೆ ಚೆಂಡು, ಹತ್ತು ಎಂದರೆ ಅಟ್ಟೆ ಎಂದು ಅವಳು ತನ್ನಷ್ಟಕ್ಕೆ ತಿಳಿದುಕೊಂಡಿದ್ದಳು. ಉಳಿದ ದೊಡ್ಡದನ್ನು ಬಿಚ್ಚಿ ಸಣ್ಣದು ಮಾಡಿಯೇ ಹಂಚಬೇಕು ಎನ್ನುವುದು ಅವಳಿಗೆ ಚೆನ್ನಾಗಿ ಗೊತ್ತಿತ್ತು. ಅದೇ ಹೊಳೆಯದೆ ಕೂತ ಮಕ್ಕಳನ್ನು ನಾನು ಎಷ್ಟೋ ಕಂಡಿದ್ದೇನೆ.

"ನೀನು ಬಿಚ್ಚಿದ್ದು ಸರಿಯೇ ಉಂಟು. ಆದರೆ ಅಂಕಿಗಳ ಊರಿನಲ್ಲಿ ಅಟ್ಟೆಗೆ ಹತ್ತು ಚೆಂಡು" ಎಂದೆ.

ಅಜ್ಜಿಯ ಕೈ ಗಕ್ಕನೆ ನಿಂತಿತು. "ಹತ್ತು ಚೆಂಡಿನ ಅಟ್ಟೆಯಾ? ಅಂಥ ಊರಿಗೆ ನನ್ನನ್ನು ಮದುವೆ ಮಾಡಿ ಕೊಡದೆ ಇದ್ದದ್ದು ಪುಣ್ಯ ಮಾರಾಯ್ರೆ!"

ಹುಡುಗಿ ಕಿಸಕ್ಕನೆ ನಕ್ಕಳು. ಮುಖದ ಊತ ಇಳಿಯಿತು. ಅಂಗಳ ಗುಡಿಸುವ ಹಿಡಿಸೂಡಿಯ ಕಡ್ಡಿಗಳನ್ನು ಮುರಿದು, ಹತ್ತು ಹತ್ತಾಗಿ ಸೇರಿಸಿ, ಅಜ್ಜಿಯ ನಾರಿನಲ್ಲೇ ಐದು ಕಟ್ಟು ಕಟ್ಟಿದಳು. ಪಕ್ಕದಲ್ಲಿ ಎರಡು ಬಿಡಿ ಕಡ್ಡಿ. ನಾಲ್ಕು ಕಟ್ಟು ಹಂಚಿ ಆಯಿತು. ಐದನೆಯದನ್ನು ಬಿಚ್ಚಿ, ಪಕ್ಕದ ಎರಡರ ಜೊತೆ ಸೇರಿಸಿ ಎಣಿಸಿದಳು.

"ಹನ್ನೆರಡು! ಹಾಗಾದರೆ ಒಬ್ಬೊಬ್ಬರಿಗೆ ಹದಿಮೂರು." ಸ್ವಲ್ಪ ಯೋಚಿಸಿ ಕೇಳಿದಳು, "ನೂರನ್ನು ಬಿಚ್ಚಿದರೂ ಹತ್ತೇನಾ?"

"ಹತ್ತು ಕಟ್ಟು. ಎಲ್ಲಿ ಬಿಚ್ಚಿದರೂ ಹತ್ತೇ."

"ಇದು ಸುಲಭ ಉಂಟು. ನಮ್ಮ ಮನೆಯದ್ದೇ ಕಷ್ಟ."

"ಹಾಗಾದರೆ ಸೋಮವಾರ ಶಾಲೆಗೆ ಹೋಗ್ತಿಯಲ್ಲಾ?" ಎಂದರು ಅಜ್ಜಿ. ಹುಡುಗಿ ಕಡ್ಡಿಗಳನ್ನು ಮತ್ತೆ ಹತ್ತು ಹತ್ತಾಗಿ ಕಟ್ಟತೊಡಗಿದಳು.

ಸೋಮವಾರ ಹೋದಳು. ಸಂಜೆ ನಮ್ಮ ಮನೆಗೆ ಬಂದು ಅಂದಿನ ಲೆಕ್ಕ ತೋರಿಸಿದಳು. ನಾನ್ನೂರ ಹನ್ನೆರಡನ್ನು ನಾಲ್ಕರಿಂದ ಭಾಗಿಸಿ ಹದಿಮೂರು ಎಂದು ಬರೆದಿದ್ದಳು. ಹತ್ತರ ಮನೆಯಲ್ಲಿ ಇಡಬೇಕಾದ ಸೊನ್ನೆ ಬಿಟ್ಟುಹೋಗಿತ್ತು. "ಇದು ಎಲ್ಲರಿಗೂ ತಪ್ಪಿದೆ ಟೀಚರ್" ಎಂದು ನಗುತ್ತಲೇ ಹೇಳಿದಳು. ಮಂಗಳವಾರ ಬೆಳಿಗ್ಗೆ ಶಾಲೆಯ ವ್ಯಾನಿಗೆ ಅವಳೇ ಎಲ್ಲರಿಗಿಂತ ಮೊದಲು ಬಂದು ನಿಂತಿದ್ದಳಂತೆ.