ಮೇಡಂ ಕೊರಳಿನ ಸ್ಟಾಪ್‌ವಾಚ್

ಮೇಡಂ ಕೊರಳಲ್ಲಿ ಯಾವಾಗಲೂ ಎರಡು ಸರ. ಒಂದು ಕರಿಮಣಿ, ಇನ್ನೊಂದು ಕೆಂಪು ದಾರಕ್ಕೆ ಕಟ್ಟಿದ ಸ್ಟಾಪ್‌ವಾಚ್. ನಡೆಯುವಾಗ ಎರಡೂ ಸಿಕ್ಕುಹಾಕಿಕೊಳ್ಳುತ್ತಿದ್ದವು. ಬೋರ್ಡಿನ ಮುಂದೆ ನಿಂತು ಅವನ್ನು ಬಿಡಿಸಿಕೊಂಡ ಮೇಲೆಯೇ ಪಾಠ ಶುರು.

ಸಿಯಾಟಲ್ ಹತ್ತಿರದ ನಮ್ಮ ಪುಟ್ಟ ಕಾಲೇಜಿನಲ್ಲಿ ಒಬ್ಬೊಬ್ಬರಿಗೂ ಎರಡೆರಡು ಕೆಲಸ. ಮೈಸೂರಿನ ಈ ಮೇಡಂ ತರಗತಿಯಲ್ಲಿ ಸಂಖ್ಯಾಶಾಸ್ತ್ರ ಕಲಿಸುತ್ತಿದ್ದರು, ಮೈದಾನದಲ್ಲಿ ಓಟದ ಅಭ್ಯಾಸಕ್ಕೆ ಬರುವವರಿಗೆಲ್ಲ ಟೈಮ್ ನೋಡುತ್ತಿದ್ದರು. ಎರಡೂ ಕಡೆ ಒಂದೇ ಮಾತು. ಕನ್ನಡದವಳಾದ ನನಗಂತೂ ಕನ್ನಡದಲ್ಲೇ ಬೀಳುತ್ತಿತ್ತು: "ನಂಬರ್ ಇಲ್ವಾ? ಖಾಲಿ ಬಿಡು, ಪಕ್ಕದಲ್ಲಿ ಕಾರಣ ಬರಿ. ಅಂದಾಜು ಮಾತ್ರ ಬರೀಬೇಡ." ಅಂದಾಜು ಬರೆದು ಒಮ್ಮೆ ಸೊನ್ನೆ ತೆಗೆದುಕೊಂಡವಳು ನಾನು.

ರೆಡ್ಮಂಡ್‌ನಲ್ಲಿ ಕೆಲಸಕ್ಕಿದ್ದ ಅಪ್ಪನಿಗೆ ನನ್ನ ಓಟ ಕಂಡರಾಗದು. "ಈ ಸಲ ಟೀಮ್‌ಗೆ ಸೆಲೆಕ್ಟ್ ಆಗ್ಲಿಲ್ಲ ಅಂದ್ರೆ ಮುಗೀತು. ಸುಮ್ನೆ ಓದ್ಕೋ" ಎಂದಿದ್ದರು. ಆಯ್ಕೆಯ ದಿನ ಒಬ್ಬೊಬ್ಬರೇ ಓಡಬೇಕು, ಟೈಮೇ ತೀರ್ಪು. ಅವತ್ತು ಓಡಿದಷ್ಟು ಚೆನ್ನಾಗಿ ನಾನು ಹಿಂದೆಂದೂ ಓಡಿರಲಿಲ್ಲ. "ಓಡೇ, ಓಡೇ ಪುಟ್ಟಿ!" ಎಂದು ಮೇಡಂ ಕೂಗುತ್ತಲೇ ಇದ್ದರು. ಗೆರೆ ದಾಟಿದ ಮೇಲೆ ಕೋಚ್ ಟೈಮ್ ಕೇಳಿದರೆ ಮೇಡಂ ಮುಖ ಬಿಳಿಚಿಕೊಂಡಿತು. ವಾಚ್ ನಿಲ್ಲಿಸುವುದನ್ನೇ ಮರೆತಿದ್ದರು!

ಅಂದಾಜು ಹೇಳಿದರೂ ಸಾಕು ಎಂದರು ಕೋಚ್. ಮೇಡಂ ಒಪ್ಪಲಿಲ್ಲ. ನಾನು ಮತ್ತೆ ಓಡಬೇಕಾಯಿತು. ಕಾಲು ಸೋತಿತ್ತು, ಆಯ್ಕೆಯಾಗಲಿಲ್ಲ. ನನಗೆ ಬಂದ ಕೋಪ ಅಷ್ಟಿಷ್ಟಲ್ಲ. ಅವರ ಮುಖವನ್ನೂ ನೋಡದೆ ಮನೆಗೆ ಹೋದೆ.

ಸಂಜೆ ನೋಡಿದರೆ ಬಾತೆಲ್‌ನ ನಮ್ಮ ಮನೆ ಬಾಗಿಲಲ್ಲಿ ಮೇಡಂ. ಅಮ್ಮ ತಂದಿಟ್ಟ ಕಾಫಿಯನ್ನು ಮುಟ್ಟದೆ ಅಪ್ಪನಿಗೆ ಹೇಳಿದರು: "ತಪ್ಪು ನಂದು ಸಾರ್. ಶಿಕ್ಷೆ ಅವಳಿಗೆ ಬೇಡ. ಇನ್ನೊಂದು ವರ್ಷ ಓಡಕ್ಕೆ ಬಿಡಿ." ಅವರು ಕೈ ಮುಗಿದದ್ದು ಕಂಡು ಅಪ್ಪ ಎದ್ದು ನಿಂತು, "ಆಯ್ತು ಮೇಡಂ, ಓಡ್ಲಿ" ಎಂದರು. ಮರುವರ್ಷ ನಾನು ತಂಡದಲ್ಲಿದ್ದೆ. ಈಗ ಶಾಲೆಯ ಮಕ್ಕಳಿಗೆ ಓಟ ಕಲಿಸುತ್ತೇನೆ, ಅದೂ ಅವರ ದಯೆಯೇ. ಆದರೆ ಆ ದಿನದ ಮರೆವನ್ನು ಮಾತ್ರ ಒಳಗೊಳಗೇ ಕ್ಷಮಿಸಿರಲಿಲ್ಲ.

ಕಳೆದ ಚಳಿಗಾಲದಲ್ಲಿ ಮೇಡಂ ತೀರಿಕೊಂಡರು. ಅವರು ಟೈಮ್ ಬರೆದಿಡುತ್ತಿದ್ದ ಪುಸ್ತಕವನ್ನು ಅವರ ಮಗಳು ನನ್ನ ಕೈಗಿತ್ತಳು. ಆ ದಿನದ ಹಾಳೆ ಹುಡುಕಿದೆ. ನನ್ನ ಹೆಸರಿನ ಮುಂದೆ ಮೊದಲ ಓಟದ ಜಾಗ ಖಾಲಿ ಇತ್ತು. ಪಕ್ಕದಲ್ಲಿ ಕಾರಣ ಬರೆದಿದ್ದರು, ಕನ್ನಡದಲ್ಲಿ: "ಅವಳು ಓಡುವುದನ್ನು ನೋಡುತ್ತಾ ನಿಂತುಬಿಟ್ಟೆ."